ಹಾಲಹರವಿಯ ಏರು ಹತ್ತದ ಕಾರು

ಸಂಕ್ರಾಂತಿ ಮುಗಿದ ವಾರ, ಗುರುವಾರ ಬೆಳಿಗ್ಗೆ ಬಳ್ಳಾರಿ ಬಸ್ ನಿಲ್ದಾಣದಿಂದ ಆದೋನಿಗೆ ಹೊರಟೆ. ಒಂದು ಕೈಚೀಲ, ಒಂದು ನೀರಿನ ಬಾಟಲಿ, ಒಂದು ಶಾಲು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ವಾರ್ಡು ನೋಡಿಕೊಳ್ಳುವ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಬಸ್ಸು ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರುವುದು, ಬಾಗಿಲಿನ ಹಿಂದಿನ ಕಿಟಕಿ ಸೀಟು ಹಿಡಿಯುವುದು, ಚಕ್ರ ಉರುಳಿದ ಕೂಡಲೇ ಗಡಿಯಾರ ನೋಡಿಕೊಳ್ಳುವುದು ನನ್ನ ರೂಢಿ. ಗಡಿಯಾರವನ್ನು ಇಂದಿಗೂ ಮಣಿಕಟ್ಟಿನ ಒಳಬದಿಗೇ ಕಟ್ಟುತ್ತೇನೆ. ರೋಗಿಯ ನಾಡಿ ಹಿಡಿದಾಗ ಮುಳ್ಳು ಕಣ್ಣೆದುರಿಗೆ ಇರಬೇಕು ಎಂದು ಕಲಿಸಿದ್ದರು.

ಕಂಡಕ್ಟರು ಬಂದಾಗ ನಾನು ಆಧಾರ್ ಕಾರ್ಡು ಹಿಡಿದಿದ್ದೆ. ಅವನು ನಕ್ಕ.

"ಅದನ್ನ ಒಳಗ ಇಡ್ರಿ ಯವ್ವಾ. ನಮ್ಮ ರಾಜ್ಯದಾಗ ಅಡ್ಡಾಡಿದ್ರ ನೀವು ಪುಕ್ಕಟೆ. ಗಡಿ ದಾಟೋ ಬಸ್ಸಿನಾಗ ರೊಕ್ಕ ಬಿಚ್ಚಬೇಕು."

"ಆ ಕಡೇನೂ ಹೆಂಗಸರಿಗೆ ಪುಕ್ಕಟೆ ಅಂತಲ್ಲಪಾ?"

"ಅಲ್ಲಿಯವರಿಗ್ರಿ. ನೀವು ಅಲ್ಲಿ ಬೀಗರು, ಇಲ್ಲಿ ಮನಿ ಮಗಳು. ನಡುವ ನಾನು ಸಿಕ್ಕೀನಿ." ನೂರರ ನೋಟು ತೆಗೆದುಕೊಂಡು, ಟಿಕೆಟ್ಟಿನ ಹಿಂದೆ ಉಳಿದ ಚಿಲ್ಲರೆ ಬರೆದುಕೊಟ್ಟು ಮುಂದೆ ಹೋದ.

ಹಗರಿ ಹೊಳೆಯಲ್ಲಿ ಮರಳೇ ಹೆಚ್ಚು, ನೀರು ಒಂದು ಬದಿಗೆ ಮಾತ್ರ. ಆಚೆ ದಡದಿಂದ ಕಪ್ಪು ನೆಲ ಶುರುವಾಯಿತು. ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ಒಣ ಕಟ್ಟಿಗೆಗಳು ನಿಂತಿದ್ದವು, ಅವುಗಳ ತುದಿಯಲ್ಲಿ ಕೈಗೆ ಸಿಗದೆ ಉಳಿದ ಅರಳೆ. ಹಾಲಹರವಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿಂದ ಮುಂದೆ ಒಂದು ಇಳಿಜಾರು. ಬಳ್ಳಾರಿಯಿಂದ ಹೋಗುವವರಿಗೆ ಅದು ಇಳಿಜಾರು, ಆದೋನಿಯಿಂದ ಬರುವವರಿಗೆ ಏರು. ದೊಡ್ಡದೇನಲ್ಲ. ಎಷ್ಟೋ ಸಲ ಈ ದಾರಿಯಲ್ಲಿ ಹೋಗಿದ್ದರೂ ಅದನ್ನು ಗಮನಿಸಿದ್ದು ಆ ದಿನವೇ ಮೊದಲು. ಅದನ್ನು ನೋಡುವುದಕ್ಕಾಗಿಯೇ ನಾನು ಹೊರಟದ್ದು.

ನನ್ನ ತಮ್ಮ ಬಸಲಿಂಗಪ್ಪ ಆದೋನಿಯಲ್ಲಿ ಹತ್ತಿ ವ್ಯಾಪಾರಿ. ಕಾರ್ತಿಕ ಮುಗಿಯುವ ಹೊತ್ತಿಗೆ, ಒಂದು ಮಂಜು ಮುಸುಕಿದ ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಊರಿನ ಡಾಕ್ಟರು ನೋಡಿ, ಕೊಡಬೇಕಾದ ಮಾತ್ರೆ ಕೊಟ್ಟು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಕಾಯುವುದಕ್ಕಿಂತ ಮನೆಯ ಕಾರೇ ಬೇಗ ಎಂದು ಮಗ ಈರಣ್ಣ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬಳ್ಳಾರಿಗೆ ಹೊರಟ. ತಮ್ಮನ ಹೆಂಡತಿ ನೀಲಮ್ಮ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಇತ್ತ ನಾನು ಹಾಸಿಗೆ, ಡಾಕ್ಟರು, ಆಕ್ಸಿಜನ್ ಎಲ್ಲ ಸಿದ್ಧ ಮಾಡಿಸಿ ಆಸ್ಪತ್ರೆಯ ಗೇಟಿನಲ್ಲಿ ಸ್ಟ್ರೆಚರ್ ಹಿಡಿದು ನಿಂತಿದ್ದೆ. ಕಾರು ಬರಬೇಕಾದ ಹೊತ್ತಿಗೆ ಬರಲಿಲ್ಲ. ಬಂದಾಗ ನಾನು ಬಾಗಿಲು ತೆಗೆದು ನಾಡಿ ಹಿಡಿದೆ. ಗಡಿಯಾರ ನೋಡುವ ಅಗತ್ಯ ಇರಲಿಲ್ಲ.

ಕಾರು ಎಳೆಯಲಿಲ್ಲ ಎಂದು ಈರಣ್ಣ ಹೇಳಿದ. ಹಾಲಹರವಿಯ ಏರಿನಲ್ಲಿ ಎಷ್ಟು ಒತ್ತಿದರೂ ಕಾರು ತಡವರಿಸಿತು, ಎತ್ತಿನ ಗಾಡಿಯ ಹಾಗೆ ಹೋಯಿತು ಎಂದ. ಮರುದಿನ ಅದೇ ಕಾರು ಆದೋನಿಯ ಬೀದಿಯಲ್ಲಿ ಚೆನ್ನಾಗಿಯೇ ಓಡಿತು. ಮೂರು ವರ್ಷದ ಹಿಂದೆ ಒಂದು ಅಪಘಾತದಲ್ಲಿ ಸ್ವಲ್ಪದರಲ್ಲಿ ಪಾರಾದವನು ಈರಣ್ಣ. ಅಂದಿನಿಂದ ಅವನು ಮೆಲ್ಲಗೆ ಓಡಿಸುವುದೇ ಮನೆಯಲ್ಲಿ ನಗೆಚಾಟಿಕೆಯಾಗಿತ್ತು. ನೀಲಮ್ಮ ಅವನ ಮಾತು ನಂಬಲಿಲ್ಲ. ಹೆದರಿ ಮೆಲ್ಲಗೆ ಓಡಿಸಿದ ಎಂದುಕೊಂಡಳು. ಅಂದಿನಿಂದ ಮಗನೊಂದಿಗೆ ಮಾತು ಬಿಟ್ಟಿದ್ದಳು. ಕಾರನ್ನು ಕೊಳ್ಳುತ್ತೇವೆಂದು ಉರುಕುಂದದ ಒಬ್ಬರು ಕೇಳಿದ್ದರು. ಸೋಮವಾರ ಬಂದು ಒಯ್ಯುವುದೆಂದು ಮಾತಾಗಿತ್ತು. ಒಯ್ದ ಮೇಲೆ ನಿಜ ತಿಳಿಯುವ ದಾರಿ ಇರುವುದಿಲ್ಲ. ಅದಕ್ಕೇ ಈ ಪ್ರಯಾಣ.

ಆದೋನಿ ಮುಟ್ಟಿದಾಗ ಬಿಸಿಲು ಏರಿತ್ತು. ಹತ್ತಿಯ ಕಾಲದಲ್ಲಿ ಆ ಊರಿಗೆ ಹೋದವರಿಗೆ ಗೊತ್ತು. ಕರೆಂಟ್ ತಂತಿಯ ಮೇಲೆ, ಬೇವಿನ ಎಲೆಯ ಮೇಲೆ, ಚಹಾ ಅಂಗಡಿಯ ತಗಡಿನ ಮೇಲೆ ಬಿಳಿ ನಾರು ಕೂತಿರುತ್ತದೆ. ಜಿನ್ನಿಂಗ್ ಮಿಲ್ಲುಗಳ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಇಳಿಸುತ್ತಿದ್ದರು. ನಮ್ಮ ಅಪ್ಪ ಇಂಥದೇ ಒಂದು ಮಿಲ್ಲಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಆ ಇಂಜಿನ್ನಿನ ಬಾಯಿಗೂ ಬಟ್ಟೆ ಕಟ್ಟುತ್ತಿದ್ದರು. ನಾವು ಮಕ್ಕಳು ಅದಕ್ಕೆ ನೆಗಡಿ ಬಂದಿದೆ ಎಂದು ನಗುತ್ತಿದ್ದೆವು.

ಮನೆಯ ಕಟ್ಟೆಯ ಮೇಲೆ ನೀಲಮ್ಮ ನಿಂತಿದ್ದಳು. ಹಣೆಯಲ್ಲಿ ವಿಭೂತಿ ಮಾತ್ರ. ನನ್ನ ಕೈಚೀಲ ತೆಗೆದುಕೊಂಡು, "ಬಿಸಿಲಾಗ ಬಂದೀರಿ ಅಕ್ಕಾರ, ಕಾಲಿಗಿ ನೀರ ಹಾಕ್ಕೊಳ್ರಿ" ಎಂದಳು. ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ. ನಾನೂ ಈರಣ್ಣನೂ ಎದುರುಬದುರು ಕೂತೆವು. ಆಕೆ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಅಕ್ಕಾರ, ಪಲ್ಲೆ ಬೇಕೇನು ಕೇಳ್ರಿ ಅವಂಗ."

ಈರಣ್ಣ ತಾಟು ನೋಡುತ್ತ, "ಸಾಕಂತ ಹೇಳ್ರಿ ಅತ್ತಿ" ಎಂದ.

ಇಬ್ಬರ ನಡುವೆ ಒಂದು ಮೊಳ ದೂರವೂ ಇರಲಿಲ್ಲ.

ಊಟವಾದ ಮೇಲೆ ನೀಲಮ್ಮ ಅಡಿಕೆ ಕತ್ತರಿಸುತ್ತ ತಾನಾಗಿಯೇ ಬಾಯಿ ಬಿಟ್ಟಳು. "ಟ್ರ್ಯಾಕ್ಟರ್ ನಮ್ಮನ್ನ ದಾಟಿ ಹೋತ್ರಿ ಅಕ್ಕಾರ. ಹತ್ತಿ ತುಂಬಿದ ಟ್ರ್ಯಾಕ್ಟರ್! ಜೋರ್ ಹೊಡಿಯಪ್ಪಾ, ಜೋರ್ ಹೊಡಿಯಪ್ಪಾ ಅಂತ ನಾ ಬಡಕೊಳ್ಳಾಕ ಹತ್ತೀನಿ. ಇವ ಗಾಡಿ ನಿಲ್ಲಿಸಿ, ಬಂದ್ ಮಾಡಿ, ಮತ್ತ ಚಾಲೂ ಮಾಡ್ತಾನ. ಅವರು ನನ್ನ ಸೆರಗ ಹಿಡಕೊಂಡಿದ್ರು. ಏರು ಹತ್ತಿ ಮುಗಿಯೂದ್ರಾಗ ಕೈ ಸಡಲಾತು." ಅಡಕತ್ತರಿ ಕೆಳಗಿಟ್ಟಳು. "ಹೆದರೂದಾದ್ರ ಬ್ಯಾರೇ ದಿನ ಹೆದರಬೇಕಿತ್ತಿಲ್ರಿ ಇವ."

ಸಂಜೆ ಈರಣ್ಣ ಕಾರಿನ ಬಳಿ ಸಿಕ್ಕ. ಬಿಳಿ ಬಣ್ಣದ ಡೀಸೆಲ್ ಕಾರು, ಐದು ವರ್ಷದ್ದು. ಕನ್ನಡಿಗೆ ಅವನಪ್ಪ ಕಟ್ಟಿದ ರುದ್ರಾಕ್ಷಿ ಹಾಗೇ ಇತ್ತು.

"ಅತ್ತಿ, ನಿಮ್ಮ ಮುಂದ ಖರೇ ಹೇಳ್ತೀನಿ. ಮೊದಮೊದಲು ನಾ ಒತ್ತಿದ್ದೆ ಅಂತ ನಂಗ ಗೊತ್ತಿತ್ತು. ಈಗ ಗೊತ್ತಿಲ್ಲ. ದಿನಾ ಅದನ್ನ ನೆನಸಿ ನೆನಸಿ, ಕಾಲ ಒತ್ತಲಿಲ್ಲ ಏನೋ ಅನಸ್ತದ. ಅವ್ವ ಅಂದಿದ್ದೇ ಖರೇ ಏನೋ."

"ಊಹೆ ಮಾಡಬ್ಯಾಡ," ಎಂದೆ. "ನಾಳೆ ನೋಡೂಣು."

ಶುಕ್ರವಾರ ಬೆಳಿಗ್ಗೆ ಉಗ್ಗಾಣಿ, ಮಿರ್ಚಿ ತಿಂದು ಮೆಕ್ಯಾನಿಕ್ ಖಾಜಾನ ಗ್ಯಾರೇಜಿಗೆ ಹೋದೆವು. ಉಗ್ಗಾಣಿಯನ್ನೇ ನಮ್ಮ ಬಳ್ಳಾರಿಯಲ್ಲಿ ಒಗ್ಗರಣೆ ಎನ್ನುತ್ತೇವೆ. ಮಂಡಕ್ಕಿ ಅದೇ, ಖಾರ ಮಾತ್ರ ಒಂದು ಕೈ ಹೆಚ್ಚು. ಖಾಜಾ ಪೆದ್ದಹರಿವಾಣಂ ಕಡೆಯವನು. ಐವತ್ತರ ಆಸುಪಾಸು, ಗಟ್ಟಿ ದನಿ, ಮಾತಿಗೆ ಕೊನೆಯಿಲ್ಲ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಿದ್ದ.

"ಅಮ್ಮಾ, ನಾ ಈ ಗಾಡಿ ಆಗ್ಲೇ ನೋಡೀನಿ. ಊರಾಗ ಎರಡ ಸುತ್ತ ಹೊಡದೀನಿ. ಏಮೀ ಲೇದು, ಏನೂ ಇಲ್ಲ. ಗಾಡಿ ಫಸ್ಟ್ ಕ್ಲಾಸ್."

"ರೋಗಿ ಹಾಸಿಗಿ ಮ್ಯಾಲ ಮಲಗಿದಾಗ ದಮ್ಮು ಬರೂದಿಲ್ಲ," ಎಂದೆ. "ಮೆಟ್ಟಲ ಹತ್ತಿಸಿ ನೋಡಬೇಕು."

ಅವನಿಗೆ ಅದು ಹಿಡಿಸಿತು. "ಅರೆ ವಾ! ಡಾಕ್ಟರಮ್ಮ ಬಂದಾರ" ಎಂದು ಕೂಗಿ, ಅಂಗೈಯಗಲದ ಯಂತ್ರವೊಂದನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದ. ಟರ್ಬೋ ಸರಿಯಿದೆಯೋ ನೋಡಬೇಕು ಎಂದ. ಹಾಗೆಂದರೇನು ಎಂದು ಕೇಳಿದೆ. ಇಂಜಿನ್ ಬಿಡುವ ಹೊಗೆಯೇ ಒಂದು ಸಣ್ಣ ಫ್ಯಾನು ತಿರುಗಿಸುತ್ತದೆ, ಆ ಫ್ಯಾನು ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿನೊಳಗೆ ಒತ್ತಿ ತುಂಬುತ್ತದೆ, ಗಾಳಿ ಹೆಚ್ಚು ಹೋದಷ್ಟೂ ಕಾರಿಗೆ ಶಕ್ತಿ ಎಂದು ವಿವರಿಸಿದ. ಯಂತ್ರದಲ್ಲಿ ಎರಡು ಅಂಕಿ ಕಾಣುತ್ತಿದ್ದವು. ಒಂದು, ಇಂಜಿನ್ನು ಕೇಳುವ ಗಾಳಿಯ ಒತ್ತಡ. ಇನ್ನೊಂದು, ಅದಕ್ಕೆ ಸಿಗುತ್ತಿರುವ ಒತ್ತಡ. ಎರಡೂ ಜೊತೆಜೊತೆಗೆ ಏರಬೇಕು. ಇದು ನನಗೆ ಅರ್ಥವಾಗುವ ಭಾಷೆ.

ನಿಂತಲ್ಲೇ ಇಂಜಿನ್ ಜೋರು ಮಾಡಿದರೆ ಎಲ್ಲ ಸರಿಯಾಗಿತ್ತು. ಖಾಜಾ ಸೋಪಿನ ನೀರು ತಂದು ರಬ್ಬರ್ ಪೈಪುಗಳ ಮೇಲೆಲ್ಲ ಬಟ್ಟೆಯಿಂದ ಒರೆಸಿದ. ಕೆಳಗಿನ ಪೈಪಿನ ಕುತ್ತಿಗೆಯಲ್ಲಿ ಎಣ್ಣೆಯ ಪಸೆ ಇತ್ತು. ಅಲ್ಲಿ ಸಣ್ಣ ಗುಳ್ಳೆಗಳು ಎದ್ದವು.

"ಮಿಲ್ ಗಯಾ, ಸಿಕ್ತು!" ಎಂದ. "ಪೈಪ್ ಹರದೈತಿ. ಒತ್ತಿದ ಗಾಳಿ ಇಲ್ಲಿಂದ ಹೊರಗ ಹೊಂಟೈತಿ. ಹೊಸಾದು ಹಾಕಿದ್ರ ಮುಗೀತು."

ಉಗುರಿನಷ್ಟು ಸೀಳು. ಈರಣ್ಣ ಅದನ್ನು ಮುಟ್ಟಿ ಮುಟ್ಟಿ ನೋಡಿದ. ಬಸ್ ನಿಲ್ದಾಣದ ಬಳಿಯ ಅಂಗಡಿಯಿಂದ ಹೊಸ ಪೈಪು ತಂದು ಹಾಕುವ ಹೊತ್ತಿಗೆ ಮಧ್ಯಾಹ್ನವಾಯಿತು. ಖಾಜಾ ಕೈ ತೊಳೆದುಕೊಳ್ಳಲು ಹೊರಟ.

"ತಡಿಯಪ್ಪಾ," ಎಂದೆ. "ಹಾಲಹರವಿ ಏರಿಗೆ ಹೋಗಿ ಬರೂಣು."

"ಯಾಕಮ್ಮಾ? ಆತಲ್ಲ."

"ಔಷಧ ಕೊಟ್ಟ ಮ್ಯಾಲ ಜ್ವರ ಇಳೀತೋ ಇಲ್ಲೋ ನೋಡಲಾರದ ನಾವು ವಾರ್ಡ್ ಬಿಡೂದಿಲ್ಲ."

ಆ ದಿನ ಹೇಗಿತ್ತೋ ಹಾಗೆಯೇ ಹೋಗಬೇಕು ಎಂದೆ. ಕಾರಿನಲ್ಲಿ ಮೂರೇ ಜನ, ಈರಣ್ಣನೇ ಚಾಲಕ. ಮುಂದೆ ಖಾಜಾ ಯಂತ್ರ ಹಿಡಿದು ಕೂತ. ಹಿಂದೆ, ನೀಲಮ್ಮ ಕೂತಿದ್ದ ಜಾಗದಲ್ಲಿ ನಾನು.

ಊರು ದಾಟುವವರೆಗೆ ಏನೂ ಆಗಲಿಲ್ಲ. ಬಯಲಿನ ರಸ್ತೆಯಲ್ಲೂ ಏನೂ ಆಗಲಿಲ್ಲ. ಖಾಜಾ ಹೆಂಡತಿಯ ತವರಿನ ಕಥೆ ಶುರುಮಾಡಿದ. ಏರು ಕಾಣಿಸಿದ ಕೂಡಲೇ ಈರಣ್ಣನ ಹೆಗಲು ಬಿಗಿಯಿತು. ಅವನು ಒತ್ತಿದ. ಕಾರು ಒಂದು ಕ್ಷಣ ಮುನ್ನುಗ್ಗಿತು, ಆಮೇಲೆ ಯಾರೋ ಹಿಂದಿನಿಂದ ಹಿಡಿದ ಹಾಗೆ ತಡವರಿಸಿತು. ಇಂಜಿನ್ನಿನ ದನಿ ಮಂದವಾಯಿತು. ಹಿಂದೆ ತಿರುಗಿದರೆ ಕರಿ ಹೊಗೆ.

ಖಾಜಾ ಕಥೆ ನಿಲ್ಲಿಸಿದ. "ಇಂಜಿನ್ ಎರಡೂಕಾಲು ಒತ್ತಡ ಕೇಳಾಕ ಹತ್ತೈತಿ. ಒಂದೂಕಾಲು ಅಷ್ಟ ಬರಾಕ ಹತ್ತೈತಿ. ಇನ್ನ ಒತ್ತು ಈರಣ್ಣಾ."

"ಒತ್ತೀನಿ."

"ಇನ್ನ ಒತ್ತು!"

"ಒತ್ತೀನ್ರೀ! ಅತ್ತಿ, ನೋಡ್ರಿ. ನನ್ನ ಕಾಲ ನೋಡ್ರಿ ಅತ್ತಿ!"

ನಾನು ಎರಡು ಸೀಟಿನ ನಡುವೆ ಬಗ್ಗಿ ನೋಡಿದೆ. ಪೆಡಲು ನೆಲಕ್ಕೆ ಅಂಟಿತ್ತು. ಅವನ ಪಾದ ಒಂದಿಷ್ಟೂ ಸಡಿಲಾಗಿರಲಿಲ್ಲ. ಪಕ್ಕದಲ್ಲಿ ಹತ್ತಿಯ ಚೀಲ ಹೇರಿದ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ನಮ್ಮನ್ನು ದಾಟಿತು. ಅದರ ಚಾಲಕ ನಗುತ್ತ ಕೈ ಬೀಸಿದ.

ಏರಿನ ನೆತ್ತಿಯಲ್ಲಿ ಕಾರು ನಿಲ್ಲಿಸಿದೆವು. ಈರಣ್ಣ ಇಳಿದು ಹೋಗಿ ರಸ್ತೆಯ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ನಾನು ಅವನನ್ನು ಅಳಲು ಬಿಟ್ಟೆ. ಅದು ಬೇಕಾಗಿದ್ದ ಅಳು.

ಖಾಜಾ ಬಾನೆಟ್ ಎತ್ತಿ ನಿಂತಿದ್ದ. ಅವನ ಮುಖ ಇಳಿದಿತ್ತು. "ಟರ್ಬೋನೇ ಹೋಗೈತಿ ಅನಸ್ತದ ಅಮ್ಮಾ. ಬಿಚ್ಚಬೇಕು, ದೊಡ್ಡ ಕೆಲಸ."

"ಇದು ಉಸಿರು ಎಲ್ಲಿಂದ ತಗೊಂತದ?" ಎಂದು ಕೇಳಿದೆ. ನಮ್ಮಲ್ಲಿ ಉಸಿರಾಟದ ತೊಂದರೆ ಎಂದು ಯಾರನ್ನು ತಂದರೂ ಮೊದಲು ಬಾಯಿ ಮೂಗು ನೋಡುವುದು ಪದ್ಧತಿ. ಆಮೇಲೆ ಎದೆ.

"ಇಲ್ಲಿ, ಫಿಲ್ಟರ್ ಡಬ್ಬಿಯಿಂದ. ಅದು ಹೊಸಾದೈತಿ. ದಸರಾ ಮುಂದ ಈರಣ್ಣನೇ ಹಾಕ್ಯಾನ. ಅದಕ್ಕ ನಾ ಬಿಚ್ಚಿಲ್ಲ."

"ಬಿಚ್ಚು."

ನಾಲ್ಕು ಕ್ಲಿಪ್ಪು ತೆಗೆದು ಮುಚ್ಚಳ ಎತ್ತಿದ. ಒಳಗೆ ಇರಬೇಕಾದ ಫಿಲ್ಟರ್ ಕಾಣಲಿಲ್ಲ. ಬೂದು ಬಣ್ಣದ, ಕಂಬಳಿಯಂಥ ದಪ್ಪನೆಯ ಒಂದು ವಸ್ತು ಕಂಡಿತು. ಖಾಜಾ ಅದನ್ನು ಎಳೆದು ತೆಗೆದ. ದಿಂಬಿಗೆ ಗಲೀಪು ಹಾಕುವ ಹಾಗೆ ಫಿಲ್ಟರಿಗೆ ಬಟ್ಟೆಯ ಗಲೀಪು ಹಾಕಲಾಗಿತ್ತು. ಒಳಗಿನ ಫಿಲ್ಟರ್ ಹೊಚ್ಚ ಹೊಸದರ ಹಾಗೆ ಶುಭ್ರವಾಗಿತ್ತು. ಹೊರಗಿನ ಬಟ್ಟೆಯ ಮೇಲೆ ಹತ್ತಿಯ ನಾರು, ಕಪ್ಪು ಧೂಳು, ಮಂಜಿನ ತೇವ ಎಲ್ಲ ಸೇರಿ, ಪದರದ ಮೇಲೆ ಪದರ ಕೂತು ಗಟ್ಟಿಯಾಗಿತ್ತು.

ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆಯುಧಪೂಜೆಯ ದಿನ ಮಿಲ್ಲಿನ ಇಂಜಿನ್ನಿಗೆ ಹೊಸ ಮೂಗುಬಟ್ಟೆ ಕಟ್ಟುವುದು ನಮ್ಮ ಮನೆಯ ರೂಢಿ. ಅರಳೆ ಒಳಗೆ ಹೋಗಬಾರದೆಂದು ಮನೆಯ ಹೆಂಗಸು ತನ್ನ ಹಳೆಯ ಸೀರೆಯಿಂದ ಅದನ್ನು ಹೊಲಿದುಕೊಡಬೇಕು. ನಮ್ಮ ಅವ್ವ ಹೊಲಿಯುತ್ತಿದ್ದಳು, ಅಪ್ಪ ಕಟ್ಟುತ್ತಿದ್ದ. ಆ ಹಳೆಯ ಇಂಜಿನ್ನು ನಿಧಾನವಾಗಿ ಉಸಿರಾಡುತ್ತಿತ್ತು, ಅದಕ್ಕೆ ಅಷ್ಟು ಗಾಳಿ ಸಾಕಾಗುತ್ತಿತ್ತು. ಬಟ್ಟೆಯನ್ನು ವಾರಕ್ಕೊಮ್ಮೆ ಬಿಚ್ಚಿ ಒಗೆಯುತ್ತಿದ್ದರು. ಬಸಲಿಂಗ ತನ್ನ ಕಾರಿಗೂ ಅದನ್ನೇ ಮಾಡಿದ್ದ. ಮಗ ಹೊಸ ಫಿಲ್ಟರ್ ಹಾಕಿದ ಮೇಲೆ, ಪೂಜೆಯ ದಿನ, ಅವನಿಗೆ ಹೇಳದೆ. ಹೇಳುವಂಥದೇನಿತ್ತು? ಕುಂಬಳಕಾಯಿ ಒಡೆದಂತೆ ಅದೂ ಒಂದು.

ಬಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿದೆ. ಧೂಳಿನ ಅಡಿಯಲ್ಲಿ ನೀಲಿ ಬಣ್ಣ, ಬಿಳಿ ಚುಕ್ಕೆ. ಒತ್ತೊತ್ತಾಗಿ ಹಾಕಿದ ಸಣ್ಣ ಹೊಲಿಗೆ. ನೀಲಮ್ಮನ ಕೈ.

"ಡಬಲ್ ಐತಿ," ಎಂದ ಖಾಜಾ. ಅವನ ಗಟ್ಟಿ ದನಿ ಎಲ್ಲಿಗೋ ಹೋಗಿತ್ತು. "ಎರಡ ಪದರ. ಊರಾಗ ಮೆಲ್ಲಗ ಹೋದ್ರ ಹೆಂಗೋ ಗಾಳಿ ಬರ್ತದ. ಏರಿನಾಗ ಟರ್ಬೋ ಜೋರ್ ಎಳೀತದಲ್ಲಮ್ಮಾ, ಆಗ ಇದು ಮೂತಿಗಿ ಹೋಗಿ ಅಂಟಿಕೊಂತದ. ಒತ್ತಿದಷ್ಟೂ ಉಸರ ಕಟ್ಟತದ."

ಈರಣ್ಣ ಯಾವಾಗಲೋ ಎದ್ದು ಬಂದು ಹಿಂದೆ ನಿಂತಿದ್ದ. "ಹಂಗಾರ ನಾ ಜೋರ್ ಒತ್ತಿದ್ದೇ ತಪ್ಪಾತೇನು?"

ಹಿಂದಿನ ಸೀಟಿನಿಂದ ಜೋರ್ ಹೊಡಿ ಎಂದವರು ಯಾರು ಎಂಬುದು ಮೂವರಿಗೂ ಗೊತ್ತಿತ್ತು.

ಬಟ್ಟೆಯಿಲ್ಲದೆ ಫಿಲ್ಟರ್ ಕೂರಿಸಿ, ಕಾರನ್ನು ಕೆಳಗೆ ಇಳಿಸಿ, ಮತ್ತೊಮ್ಮೆ ಏರು ಹತ್ತಿದೆವು. ಎರಡು ಅಂಕಿಗಳೂ ಜೊತೆಯಾಗಿ ಮೇಲೇರಿದವು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಏರು ಕಣ್ಣುಮುಚ್ಚಿ ತೆಗೆಯುವುದರಲ್ಲಿ ಮುಗಿಯಿತು. ಕಾರು ಗುಣವಾದದ್ದಕ್ಕೆ ಒಳಗಿದ್ದ ಒಬ್ಬರಿಗೂ ಸಂತೋಷವಾಗಲಿಲ್ಲ.

ಹಿಂತಿರುಗುವಾಗ ಈರಣ್ಣನೇ ಮೊದಲು ಮಾತಾಡಿದ. "ಅತ್ತಿ, ಅವ್ವಗ ಬಟ್ಟಿ ಸುದ್ದಿ ಹೇಳಬ್ಯಾಡ್ರಿ. ಪೈಪ್ ಹರದಿತ್ತು ಅಂತ ಹೇಳ್ರಿ."

"ನಾನು ರೋಗಿ ಮನಿಯವರಿಗೆ ಒಂದೂ ಸುಳ್ಳು ಹೇಳಿದಾಕಿ ಅಲ್ಲ ಈರಣ್ಣಾ."

"ಸುಳ್ಳಲ್ರಿ. ಪೈಪ್ ಹರದಿದ್ದೂ ಖರೇ ಐತಲ್ಲ."

ಖಾಜಾನನ್ನು ಕೇಳಿದೆ. "ಆ ಸೀಳಿನಿಂದ ಇಷ್ಟು ಆಗ್ತಿತ್ತೇನು?"

ಅವನು ಕಿಟಕಿಯ ಹೊರಗೆ ನೋಡಿದ. "ಸ್ವಲ್ಪ ಆಗ್ತಿತ್ತಮ್ಮಾ. ಇಷ್ಟಿಲ್ಲ." ನನ್ನ ಕಡೆ ತಿರುಗಿ, "ಆದ್ರ ಹೆಣ್ಣಮಗಳಿಗಿ ಪೈಪ್ ಸಾಕು. ನಾ ಬಂದು ಹೇಳ್ಲಿ ಅಂದ್ರೂ ಹೇಳ್ತೀನಿ, ಕಸಮ್" ಎಂದ.

"ಅಪ್ಪ ಹೋಗ್ಯಾನ," ಎಂದ ಈರಣ್ಣ. "ಇನ್ನ ಅವಂಗೇನೂ ತಟ್ಟೂದಿಲ್ಲ. ನಂಗೂ ಸಾಕು, ನೀವು ಕಾಲ ನೋಡೀರಿ. ಅವ್ವ ಇರಬೇಕಲ್ರಿ ಅತ್ತಿ, ಅದೇ ಮನ್ಯಾಗ."

ನಾನು ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಚೀಲದ ತಳಕ್ಕೆ ಹಾಕಿದೆ.

ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನೀಲಮ್ಮನಿಗೆ ಹೇಳಿದೆ. ವಾರ್ಡಿನಲ್ಲಿ ಹೇಳುತ್ತಿದ್ದ ಹಾಗೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. "ಏರಿಗೆ ಹೋಗಿದ್ವಿ. ಕಾರು ಎಳೀಲಿಲ್ಲ. ಈರಣ್ಣ ಪೂರ್ತಿ ಒತ್ತಿದ್ದ, ನಾನೇ ಬಗ್ಗಿ ಕಾಲ ನೋಡೀನಿ. ಒಂದು ಪೈಪ್ ಹರದಿತ್ತು. ಹುಡುಗನ ತಪ್ಪು ಇಲ್ಲವ್ವ."

ಆಕೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ರೊಟ್ಟಿ ತಟ್ಟಿದಳು, ಬೇಯಿಸಿದಳು, ತಾನೇ ತಂದು ಮಗನ ತಾಟಿಗೆ ಹಾಕಿದಳು.

"ಬಿಸೇದೈತಿ. ತಿನ್ನೋ," ಎಂದಳು. "ಎಷ್ಟ ಸೊರಗೀಯೋ ನೀನು."

ಈರಣ್ಣ ತಲೆಯೆತ್ತಲಿಲ್ಲ. ರೊಟ್ಟಿ ಮುರಿದ. ಆಕೆ ಅವನ ಪಕ್ಕದಲ್ಲೇ ಕೂತು, ಕೆನ್ನೆಯ ಮೇಲೆ ಸುರಿಯುತ್ತಿದ್ದ ಕಣ್ಣೀರನ್ನು ಹಿಟ್ಟಿನ ಕೈಯಿಂದಲೇ ಒರೆಸಿಕೊಂಡಳು. ಇಷ್ಟಕ್ಕೇ ಮುಗಿದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

"ಅಕ್ಕಾರ," ಎಂದಳು ನೀಲಮ್ಮ, "ಮೂಗುಬಟ್ಟಿ ಸರಿಯಾಗಿ ಇತ್ತಿಲ್ರಿ? ಈ ಸಲ ಅರಳಿ ಬಾಳ ಹಾರತೈತಿ ಅಂತ ಅವರು ಅಂದ್ರು. ಅದಕ್ಕ ನಾ ಎರಡ ಪದರ ಹಾಕಿ ಹೊಲದಿದ್ದೆ. ಇಂಜಿನ್ನಾಗ ಏನೂ ಹೊಕ್ಕಿದ್ದಿಲ್ಲಲ್ಲ?"

ಈರಣ್ಣನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಏನೂ ಹೊಕ್ಕಿದ್ದಿಲ್ಲ," ಎಂದೆ. "ಫಿಲ್ಟರ್ ಶುಭ್ರ ಇತ್ತು."

ಆಕೆಯ ಮುಖದಲ್ಲಿ ಒಂದು ಸಣ್ಣ ಸಮಾಧಾನ ಬಂತು. "ನಮ್ಮ ಕಡಿಂದ ಏನೂ ಕಮ್ಮಿ ಆಗಿಲ್ಲ ಹಂಗಾರ," ಎಂದಳು. "ಉರುಕುಂದದವರಿಗಿ ಕೊಡೂ ಮುಂದ ಒಗದು ಮತ್ತ ಹಾಕಿ ಕೊಡೋನ್ರಿ."

"ಬ್ಯಾಡವ್ವ. ಖಾಜಾ ತಗದು ಬಿಸಾಕಿಬಿಟ್ಟಾನ. ಈಗಿನ ಗಾಡಿಗೆ ಬಟ್ಟಿ ಹಾಕಬಾರದಂತ."

"ಹೌದೇನ್ರಿ?" ಎಂದು ಆಕೆ ಅಚ್ಚರಿಪಟ್ಟಳು. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಮಗನಿಗೆ ಇನ್ನೊಂದು ರೊಟ್ಟಿ ತರಲು ಎದ್ದಳು.

ಶನಿವಾರ ಬೆಳಿಗ್ಗೆ ಬಸ್ಸಿಗೆ ಹೋಗುತ್ತೇನೆ ಎಂದರೂ ನೀಲಮ್ಮ ಬಿಡಲಿಲ್ಲ. "ಕಾರು ಮಾರೂ ಮುಂದ ನಿಮ್ಮನ್ನ ಮನಿ ಮುಟ್ಟಿಸ್ಲಿ. ಹೋಗೋ ಈರಣ್ಣಾ, ಬಿಟ್ಟು ಬಾ" ಎಂದಳು. ಹೊಸ್ತಿಲಲ್ಲಿ ಒಂದು ಗಂಟು ಕೈಗಿಟ್ಟಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಗಂಟಿನ ಬಟ್ಟೆ ನೀಲಿ, ಅದರ ಮೇಲೆ ಬಿಳಿ ಚುಕ್ಕೆ. ಒಗೆದು ಮಡಿಸಿಟ್ಟದ್ದು, ಹೊಚ್ಚ ಹೊಸದರ ಹಾಗಿತ್ತು.

"ಈ ಸೀರಿ ಅವರೇ ತಂದಿದ್ರು. ಅರ್ಧ ಕಾರಿಗಿ ಕೊಟ್ಟೆ. ಇದು ಉಳದಿದ್ದು," ಎಂದಳು. "ನೀವ ಇಟ್ಕೊಳ್ರಿ ಅಕ್ಕಾರ."

ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕೆಳಗೆ ಕಾಲಿನ ಬಳಿ ಕೈಚೀಲ, ಅದರ ತಳದಲ್ಲಿ ಇನ್ನರ್ಧ.

ಊರ ಹೊರಗೆ ತಮ್ಮನ ಹೊಲ. ಅಲ್ಲಿಯೇ ಅವನನ್ನು ಮಣ್ಣು ಮಾಡಿದ್ದು. ಈರಣ್ಣ ಕಾರು ನಿಧಾನ ಮಾಡಿದ. ನಾನು ಕೈ ಮುಗಿದೆ, ಮುಂದೆ ಹೋಗು ಎಂದೆ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಆ ದಿನದಂತೆಯೇ ಇತ್ತು, ಹೊತ್ತು ಸಹ ಹೆಚ್ಚು ಕಡಿಮೆ ಅದೇ. ಕಾರು ಸಲೀಸಾಗಿ ಓಡಿತು. ಲಾರಿಗಳನ್ನು ದಾಟಿತು, ಟ್ರ್ಯಾಕ್ಟರುಗಳನ್ನು ದಾಟಿತು. ಹಾಲಹರವಿಯ ಏರು ಬಂತು, ಹೋಯಿತು.

ಏರು ದಾಟಿದ ಮೇಲೆ ನನ್ನ ಎಡಗೈ ತಾನಾಗಿ ತಿರುಗಿತು, ಗಡಿಯಾರ ನೋಡುವುದಕ್ಕೆ. ಅರ್ಧಕ್ಕೇ ತಡೆದೆ. ಹೊರಟಾಗಲೂ ನೋಡ ಹೋಗಿರಲಿಲ್ಲ. ಈ ದಾರಿಗೆ ನಿಜವಾಗಿ ಎಷ್ಟು ಹೊತ್ತು ಬೇಕು ಎಂದು ತಿಳಿದರೆ, ಆ ದಿನ ಎಷ್ಟು ಹೊತ್ತು ಕಳೆದುಹೋಯಿತು ಎಂಬುದೂ ತಿಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಅಂಥ ಎದೆಗೆ ಏನು ಮಾಡಬಹುದಿತ್ತು, ಏನು ಮಾಡಲಾಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿರುವ ವಿದ್ಯೆ. ಗಡಿಯಾರ ಬಿಚ್ಚಿ ಗಂಟಿನ ಮಡಿಕೆಯೊಳಗೆ ಸೇರಿಸಿದೆ. ಮಣಿಕಟ್ಟಿನ ಒಳಬದಿಯ ಚರ್ಮ ಅಲ್ಲಿ ಬೆಳ್ಳಗೆ, ತೆಳ್ಳಗೆ ಇತ್ತು.

ನಮ್ಮ ಮನೆಗೆ ಹೋಗಬೇಕಾದರೆ ಆಸ್ಪತ್ರೆಯ ಮುಂದಿನ ರಸ್ತೆಯೇ ದಾರಿ. ಗೇಟಿನ ಎದುರು ಈರಣ್ಣ ಕಾರು ನಿಲ್ಲಿಸಿದ. ಒಳಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋಗುತ್ತಿದ್ದರು.

"ಎಷ್ಟ ಹೊತ್ತಾತ್ರಿ ಅತ್ತಿ?" ಎಂದು ಕೇಳಿದ. ಮುಂದಿನ ಗಾಜನ್ನೇ ನೋಡುತ್ತಿದ್ದ.

"ನೋಡಿಲ್ಲಪ್ಪಾ," ಎಂದೆ.

ಅವನು ತಿರುಗಿ ನನ್ನ ಬರಿಗೈ ನೋಡಿದ. ತಲೆಯಾಡಿಸಿದ. ಮನೆಯ ಮುಂದೆ ನನ್ನನ್ನು ಇಳಿಸಿ, ಚಹಾಕ್ಕೂ ನಿಲ್ಲದೆ, ಅವ್ವ ದಾರಿ ಕಾಯ್ತಿರ್ತಾಳ ಎಂದು ಹೊರಟ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೀದಿಯ ಕೊನೆಯಲ್ಲಿ ಕಾರು ಒಂದಿಷ್ಟೂ ತಡವರಿಸದೆ ತಿರುಗಿ, ಆದೋನಿಯ ದಾರಿ ಹಿಡಿಯಿತು.